ಕತ್ತರಿಸಿದ ಮೂರೂವರೆ ಸೆಕೆಂಡು

ನನ್ನ ಅಕ್ಕನ ಕಿರಿಯ ಮಗ ನನಗೆ ಎಂದೂ ಇಷ್ಟವಾದವನಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಓದುವವರಿಗೆ ಅನುಕೂಲ. ಅವನು ಎದುರಿಗೆ ಕೂತವರ ಕಣ್ಣು ನೋಡಿ ಮಾತಾಡುವುದಿಲ್ಲ, ತುಟಿ ನೋಡುತ್ತಾನೆ. ಒಂದು ಟಿ.ವಿ. ಕೇಂದ್ರದಲ್ಲಿ ಮೂವತ್ತನಾಲ್ಕು ವರ್ಷ ತುಟಿಗೂ ಮಾತಿಗೂ ಹೊಂದುತ್ತದೆಯೇ ಎಂದು ನೋಡುವುದೇ ಅವನ ಕೆಲಸವಾಗಿತ್ತು. ಅಭ್ಯಾಸ ಅವನ ಜೊತೆ ಮನೆಗೂ ಬಂತು. ಕೇಂದ್ರದವರು ಅವನ ಬೆನ್ನ ಹಿಂದೆ ‘ತುಟಿ ಸಾಹೇಬ’ ಎನ್ನುತ್ತಿದ್ದರು. ನಾನೂ ಇಲ್ಲಿ ತುಟಿ ಎಂದೇ ಬರೆಯುತ್ತೇನೆ. ಬೇಸರವಾದರೆ ಆಗಲಿ.

ತುಟಿ ಮಾಡಿಕೊಟ್ಟ ಒಂದು ಕ್ಯಾಸೆಟ್ ನಂಬಿಕೊಂಡು ನಮ್ಮ ಬಳಗ ಅವನ ಒಡಹುಟ್ಟಿದ ಅಕ್ಕನನ್ನು ಹತ್ತೊಂಬತ್ತು ವರ್ಷ ಹೊರಗಿಟ್ಟಿತು. ತಂದೆಯನ್ನು ಕೊಂದವಳು ಎಂಬುದು ಅವಳ ಮೇಲಿದ್ದ ಮಾತು. ಆ ಕ್ಯಾಸೆಟ್ ತಪ್ಪು ಎಂದು ಮೊದಲು ಗೊತ್ತಾದದ್ದು ತುಟಿಗೆ. ಆ ದಿನ ಅದು ಅವನೊಬ್ಬನಿಗೇ ಗೊತ್ತಿತ್ತು. ಬಾಯಿ ಬಿಟ್ಟರೆ ಮೂವತ್ತನಾಲ್ಕು ವರ್ಷದ ಹೆಸರು ಹೋಗುತ್ತಿತ್ತು. ಬಿಡದಿದ್ದರೆ ಅವನ ಅಕ್ಕ ಹಾಗೇ ಸಾಯುತ್ತಿದ್ದಳು.

ಅವನ ಕೆಲಸವನ್ನು ಸ್ವಲ್ಪ ಹೇಳಬೇಕು. ವಿಡಿಯೋ ಎಂದರೆ ಒಂದರ ಹಿಂದೊಂದು ಓಡುವ ಚಿತ್ರಗಳು. ಕೆಲವು ದೇಶಗಳಲ್ಲಿ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಓಡಿಸುತ್ತಾರೆ, ಕೆಲವು ದೇಶಗಳಲ್ಲಿ ಮೂವತ್ತು. ಮೂವತ್ತರ ಲೆಕ್ಕದಲ್ಲಿ ತೆಗೆದದ್ದನ್ನು ಇಪ್ಪತ್ತೈದರ ಟಿ.ವಿ.ಯಲ್ಲಿ ತೋರಿಸಬೇಕಾದರೆ ಚಿತ್ರಗಳನ್ನು ಹೊಸದಾಗಿ ಹಂಚಬೇಕು. ಶಬ್ದಕ್ಕೆ ಈ ಎಣಿಕೆ ಇಲ್ಲ, ಅದು ಗಡಿಯಾರದ ಜೊತೆ ನಡೆಯುತ್ತದೆ. ಹಂಚುವಾಗ ಎಡವಿದರೆ ಚಿತ್ರದ್ದೊಂದು ದಾರಿ, ಶಬ್ದದ್ದೊಂದು ದಾರಿ. ಮೊದಲಿಂದ ಕೊನೆವರೆಗೆ ಶಬ್ದ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿದ್ದರೆ ಸುಲಭ, ಅಷ್ಟನ್ನೇ ಮುಂದಕ್ಕೆ ಎಳೆದರಾಯಿತು. ಇನ್ನೊಂದು ಕಳ್ಳ ಕಾಯಿಲೆ. ಮೊದಲಲ್ಲಿ ಎಲ್ಲವೂ ಸರಿ ಇರುತ್ತದೆ, ಆಮೇಲೆ ನಿಮಿಷ ನಿಮಿಷಕ್ಕೂ ಕೂದಲೆಳೆಯಷ್ಟು ಜಾರುತ್ತ ಹೋಗುತ್ತದೆ. ಏಕೆಂದರೆ ಆ ಮೂವತ್ತು ಎನ್ನುವುದು ಬಾಯಿಮಾತಿನ ಮೂವತ್ತು, ನಿಜದಲ್ಲಿ ಸಾವಿರಕ್ಕೊಂದು ಪಾಲು ಕಡಿಮೆ. ಯಂತ್ರಕ್ಕೆ ಬರಿಯ ಮೂವತ್ತು ಎಂದು ಹೇಳಿದರೆ ಚಿತ್ರ ಅಷ್ಟರಮಟ್ಟಿಗೆ ವೇಗವಾಗಿ ಓಡಿ ಬೇಗ ಮುಗಿಯುತ್ತದೆ. ಒಂದು ಗಂಟೆಯ ಕೊನೆಗೆ ಶಬ್ದ ಮೂರೂವರೆ ಸೆಕೆಂಡಿನಷ್ಟು ಹಿಂದೆ ಉಳಿದಿರುತ್ತದೆ.

ಹೀಗೆ ಜಾರಿದ ಒಂದು ವಿದೇಶಿ ಧಾರಾವಾಹಿ ಒಮ್ಮೆ ಪ್ರಸಾರವಾಗಿ ಕೇಂದ್ರದವರು ಎಲ್ಲರ ಬಾಯಿಗೆ ಬಿದ್ದರು. ಅಂದಿನಿಂದ ತುಟಿ ಒಂದು ಕಟ್ಟುಪಾಡು ಮಾಡಿದ. ಯಾವ ಟೇಪಿಗೂ ಅದರ ತಲೆ, ನಡು, ಬಾಲ ಮೂರನ್ನೂ ನೋಡದೆ ಸಹಿ ಹಾಕಕೂಡದು. ಮೂರು ಕಡೆಯೂ ತುಟಿ ಮಾತಿಗೆ ಕೂಡಬೇಕು.

ಕಿಟಕಿಯಿಲ್ಲದ ಕೋಣೆ ಅದು. ಯಂತ್ರಗಳಿಗಾಗಿ ತಣ್ಣನೆಯ ಗಾಳಿ ಬಿಟ್ಟಿರುತ್ತಿದ್ದರು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಸ್ವೆಟರ್ ಹಾಕಿ ಕೂರಬೇಕು. ಎರಡು ಮೇಜು, ಸ್ಪಂಜು ಹೊರಬಂದ ಎರಡು ಕುರ್ಚಿ. ಪಕ್ಕದ ಮೇಜಿನಲ್ಲಿ ಹನ್ನೆರಡು ವರ್ಷ ಕೂತ ಹೆಂಗಸಿಗೆ ಅವನು ದಿನಕ್ಕೆ ಹತ್ತು ಸಲವಾದರೂ “ಬಾಲ ನೋಡಿದ್ಯಾ?” ಎಂದು ಕೇಳುತ್ತಿದ್ದನಂತೆ. ನೋಡಿದ್ದೇನೆ ಎಂದರೆ ತಾನು ಎದ್ದು ಬಂದು ಇನ್ನೊಮ್ಮೆ ನೋಡುತ್ತಿದ್ದ. ಒಂದು ಸಲ ಅವಳ ಮಗು ಆಸ್ಪತ್ರೆಯಲ್ಲಿದ್ದಾಗ ಬಾಲ ನೋಡದೆ ಸಹಿ ಹಾಕಿದ್ದಳು. ಎಲ್ಲರ ಮುಂದೆ, “ಮಕ್ಕಳು ಎಲ್ಲರಿಗೂ ಇರ್ತಾವಮ್ಮ. ಬಾಲ ನೋಡದೇ ಇರೋ ಧೈರ್ಯ ಎಲ್ಲರಿಗೂ ಇರಲ್ಲ” ಎಂದ. ಅವಳು ಆಮೇಲೆ ಕೆಲಸದ ಮಾತು ಬಿಟ್ಟು ಅವನ ಜೊತೆ ಬೇರೆ ಮಾತಾಡಲಿಲ್ಲ.

ಇನ್ನು ಕ್ಯಾಸೆಟ್ಟಿನ ವಿಷಯ.

ನನ್ನ ಭಾವ, ಎಂದರೆ ತುಟಿಯ ತಂದೆ, ಶಾಲೆಗಳಿಗೆ ಭೂಪಟ ಬರೆದುಕೊಡುತ್ತಿದ್ದವರು. ನನ್ನ ಅಕ್ಕ ಮೊದಲೇ ತೀರಿಹೋಗಿದ್ದಳು. ಭಾವನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು, ಬುದ್ಧಿ ನಿಲ್ಲಲಿಲ್ಲ. ಬೇಕು ಎಂದರೆ ತಲೆಯನ್ನು ಮೇಲಿಂದ ಕೆಳಗೆ ಆಡಿಸುತ್ತಿದ್ದರು, ಬೇಡ ಎಂದರೆ ಎಡದಿಂದ ಬಲಕ್ಕೆ. ಮಗಳು ಔಷಧಿ ಅಂಗಡಿಯ ಕೆಲಸ ಬಿಟ್ಟು ಅವರನ್ನು ನೋಡಿಕೊಂಡಳು. ಅಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಪಾದ ಕಪ್ಪಾಯಿತು. ಮೊಣಕಾಲಿನ ಕೆಳಗೆ ಕತ್ತರಿಸಬೇಕು, ಕತ್ತರಿಸಿದರೂ ಉಳಿಯುವ ಭರವಸೆ ಅರ್ಧಕ್ಕರ್ಧ ಎಂದರು ಡಾಕ್ಟರು. ಮಗಳು ಬೇಡ ಎಂದು ಸಹಿ ಹಾಕಿದಳು. ಅಪ್ಪನನ್ನು ಕೇಳಿದೆ, ಬೇಡ ಎಂದರು, ಎಂದಳು. ಮೂರು ವಾರಕ್ಕೆ ಭಾವ ತೀರಿಕೊಂಡರು.

ಹಿರಿಯ ಮಗ ಕಬ್ಬಿಣದ ಬೀರು ಮಾಡುವ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಹಡಗಿನಿಂದ ಇಳಿದವನೊಬ್ಬನ ಹತ್ತಿರ ಒಂದು ಹಳೆಯ ವಿದೇಶಿ ಕ್ಯಾಮೆರಾ ಕೊಂಡಿದ್ದ. ಮೂವತ್ತರ ಲೆಕ್ಕದ್ದು. ಡಾಕ್ಟರಿಗೆ ಉತ್ತರ ಹೇಳಬೇಕಾಗಿದ್ದ ವಾರವೇ ಅದನ್ನು ತಂದು ತಂದೆಯ ಮಂಚದ ಎದುರು ನಿಲ್ಲಿಸಿದ. ಅವರ ಪಕ್ಕ ಕೂತು ಕ್ಯಾಮೆರಾಕ್ಕೆ ಮುಖ ಕೊಟ್ಟು ಒಂದು ನಿಮಿಷ ಮಾತಾಡಿದ. ಆಮೇಲೆ, “ಓಡ್ತಾ ಇರ್ಲಿ, ಯಾರೂ ಮುಟ್ಬೇಡಿ” ಎಂದು ಹೇಳಿ ಕಾರ್ಖಾನೆಗೆ ಹೋದ. ಟೇಪ್ ಮುಗಿಯುವವರೆಗೆ ಒಂದು ಗಂಟೆ ಕ್ಯಾಮೆರಾ ತಾನಾಗಿಯೇ ಓಡಿತು. ಐವತ್ತೆರಡನೆಯ ನಿಮಿಷದಲ್ಲಿ ಮಗಳು ಕ್ಯಾಮೆರಾಕ್ಕೆ ಕಾಣದ ಕಡೆ ಕೂತು ತಂದೆಯನ್ನು ಆ ಪ್ರಶ್ನೆ ಕೇಳಿದಳು. ಪ್ರಶ್ನೆ ಶಬ್ದದಲ್ಲಿದೆ, ಉತ್ತರ ಚಿತ್ರದಲ್ಲಿದೆ. ಹೊಂದಿಸಿ ನೋಡಲು ಮಾತಾಡುವ ತುಟಿಯೇ ಇಲ್ಲ.

ಮನೆಯ ಟಿ.ವಿ.ಗೆ ಹಾಕಿದರೆ ಬರಿಯ ಬೂದು ಪಟ್ಟಿಗಳು ಉರುಳಿದವು. ತಿಂಗಳೊಳಗೆ ಕ್ಯಾಮೆರಾ ಕೆಟ್ಟಿತು. ಭಾವ ಹೋದ ಮೇಲೆ ಟೇಪು ತುಟಿಯ ಕೈಗೆ ಬಂತು. ಅವನು ಕೇಂದ್ರದ ಯಂತ್ರದಲ್ಲಿ ಅದನ್ನು ಬದಲಾಯಿಸಿ ಹನ್ನೊಂದು ಕ್ಯಾಸೆಟ್ ಮಾಡಿದ, ಬಳಗದ ಒಂದೊಂದು ಮನೆಗೆ ಒಂದರಂತೆ.

ಮೊದಲ ಸಲ ನೋಡಿದ್ದು ಹಿರಿಯವನ ಮನೆಯ ಹಾಲಿನಲ್ಲಿ. ನಾನೂ ಇದ್ದೆ. ಸೋಫಾದ ಮೇಲೆ ನಾಲ್ಕು ಜನ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಉಳಿದವರು, ಗೋಡೆಗೆ ಒರಗಿ ತುಟಿಯ ಅಕ್ಕ. ಮೊದಲ ಒಂದು ನಿಮಿಷ ಹಿರಿಯವನ ಮಾತು, ಆಮೇಲೆ ಭಾವ ಸುಮ್ಮನೆ ಒರಗಿ ಕೂತದ್ದು. ಹಿರಿಯವನ ಹೆಂಡತಿ ಬಿಸ್ಕತ್ತು ಹಂಚಿದಳು. ಎಲ್ಲರಿಗೂ ಬೇಸರ ಬರುವ ಹೊತ್ತಿಗೆ ಮಗಳ ದನಿ ಕೇಳಿತು. “ನೋವಿದ್ಯಾ ಅಪ್ಪ?” ಭಾವ ತಲೆಯನ್ನು ಎಡದಿಂದ ಬಲಕ್ಕೆ ಆಡಿಸಿದರು. “ಕಾಲಿನ ಆಪರೇಷನ್ ಮಾಡಿಸೋಣ್ವಾ?” ಸ್ವಲ್ಪ ತಡೆದು ಮೇಲಿಂದ ಕೆಳಗೆ, ಎರಡು ಸಲ, ಸ್ಪಷ್ಟವಾಗಿ. “ಇಲ್ಲೇ ಮನೇಲೇ ಇರ್ತೀರಾ?” ಭಾವ ಕಣ್ಣು ಮುಚ್ಚಿದರು.

ಬಿಸ್ಕತ್ತು ಕಡಿಯುವ ಸದ್ದೂ ನಿಂತಿತು.

“ಇನ್ನೊಂದ್ಸಲ ಹಾಕು” ಎಂದ ಹಿರಿಯವನು. ಹಾಕಿದರು. ಇನ್ನೊಮ್ಮೆ ಹಾಕಿದರು.

“ಅಪ್ಪ ಬೇಡ ಅಂದ್ರು. ನಾನು ಎದುರಿಗೇ ಕೂತಿದ್ದೆ” ಎಂದಳು ಅಕ್ಕ.

“ಕಣ್ಣು ನಮಗೂ ಇದೆ” ಎಂದ ಹಿರಿಯವನು. “ಸೇವೆ ಮಾಡಿ ಸಾಕಾಗಿತ್ತು ಅಂತ ಹೇಳ್ಬಿಡು. ಅಪ್ಪನ ಬಾಯಲ್ಲಿ ಯಾಕೆ ಹೇಳಿಸ್ತೀಯ?”

ಅವಳು ತಮ್ಮನ ಕಡೆ ತಿರುಗಿದಳು. “ನೀನು ಹೇಳೋ. ನಿನ್ನ ಕೆಲ್ಸ ತಾನೆ ಇದು? ಏನೋ ಹೆಚ್ಚುಕಡಿಮೆ ಆಗಿದೆ ಅಂತ ಹೇಳು.”

ತುಟಿ ಅವಳ ತುಟಿಯನ್ನೇ ನೋಡುತ್ತ ಹೇಳಿದ: “ಅಕ್ಕ, ಜನ ಸುಳ್ಳು ಹೇಳ್ತಾರೆ, ಟೇಪ್ ಹೇಳಲ್ಲ. ನಾನೇ ಮಾಡಿರೋದು. ಅಣ್ಣನ ತುಟಿಗೆ ಮಾತು ಕೂಡಿದ್ದನ್ನ ನೋಡಿಯೇ ಕೊಟ್ಟಿದ್ದೀನಿ.”

ಅವಳು ಚಪ್ಪಲಿ ಹಾಕಿಕೊಂಡು ಹೊರಟಳು. ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಆಮೇಲಿನ ಹತ್ತೊಂಬತ್ತು ವರ್ಷವನ್ನು ವಿವರಿಸುವ ಅಗತ್ಯವಿಲ್ಲ. ಅವಳು ಬೇರೊಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದಳು. ಮೂರನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಳು. ಬಳಗದಲ್ಲಿ ಮದುವೆಗಳಾದವು, ಮಕ್ಕಳಾದರು, ಅವಳಿಗೆ ಯಾರೂ ಹೇಳಿಕಳಿಸಲಿಲ್ಲ. ದಾರಿಯಲ್ಲಿ ಎದುರಾದರೆ ಹಿರಿಯವನು ರಸ್ತೆ ದಾಟುತ್ತಿದ್ದ. ತುಟಿಗೆ ಅಷ್ಟೂ ಕಷ್ಟವಿರಲಿಲ್ಲ. ಅವನು ಅವಳು ಇರುವ ಕಡೆಗೆ ಹೋಗುತ್ತಲೇ ಇರಲಿಲ್ಲ.

ತುಟಿ ನಿವೃತ್ತನಾಗುವ ವಾರ ಅಣ್ಣನಿಂದ ಫೋನು ಬಂತು. ಹಳೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ, ಹೊಸ ಪ್ರತಿ ಮಾಡಿಕೊಡು ಎಂದ. “ಮೊಮ್ಮಕ್ಕಳಿಗೆ ಬುದ್ಧಿ ಬಂದಿದೆ. ಅವರ ಮುತ್ತಜ್ಜನ ಗತಿ ಏನಾಯ್ತು, ಯಾರಿಂದ ಆಯ್ತು, ಅವರೂ ನೋಡ್ಲಿ” ಎಂದ. ತುಟಿ ಒಪ್ಪಿಕೊಂಡ. ಬೂಷ್ಟು ಹಿಡಿದ ಕ್ಯಾಸೆಟ್ಟಿನಿಂದ ಮಾಡುವುದಕ್ಕಿಂತ ಮೂಲ ಟೇಪೇ ತನ್ನ ಬಳಿ ಇದೆಯಲ್ಲ, ಅದರಿಂದಲೇ ಮಾಡೋಣ ಎಂದುಕೊಂಡ. ಅಂಥ ಟೇಪು ಓಡಿಸುವ ಯಂತ್ರ ಕೇಂದ್ರದಲ್ಲಿ ಒಂದೇ ಉಳಿದಿತ್ತು, ಅದನ್ನೂ ಗುಜರಿಗೆ ಹಾಕುವವರಿದ್ದರು. ಹೊಸ ಕಂಪ್ಯೂಟರು ಲೆಕ್ಕವನ್ನು ತಾನೇ ಓದಿಕೊಳ್ಳುತ್ತದೆ, ಯಾರೂ ಮೂವತ್ತು ಎಂದು ಒತ್ತಬೇಕಾಗಿಲ್ಲ.

ಒಂದು ಗಂಟೆಯಲ್ಲಿ ಪ್ರತಿ ಆಯಿತು. ತುಟಿ ಮೊದಲ ಒಂದು ನಿಮಿಷ ನೋಡಿದ. ಅಣ್ಣನ ತುಟಿ, ಅಣ್ಣನ ಮಾತು, ಎರಡೂ ಕೂಡಿದವು. ಮುಚ್ಚಲು ಹೊರಟ.

ಪಕ್ಕದ ಮೇಜಿನಿಂದ ದನಿ ಬಂತು. “ಬಾಲ ನೋಡಿದ್ರಾ ಸಾರ್?”

“ಇದು ಮನೆ ಟೇಪಮ್ಮ.”

“ಮನೆ ಟೇಪಿಗೆ ಬಾಲ ಇರಲ್ವಾ ಸಾರ್?”

ಅವಳು ಹನ್ನೆರಡು ವರ್ಷ ಕಾದು ಎಸೆದ ಕಲ್ಲು ಅದು. ನಾಲ್ಕು ದಿನದಲ್ಲಿ ಅವನು ಹೋಗುವವನು. ಇನ್ನು ಹೆದರಿಕೆ ಏನು? ತುಟಿ ಅವಳ ಬಾಯಿ ಮುಚ್ಚಿಸಲೆಂದೇ ಟೇಪನ್ನು ಐವತ್ತನೆಯ ನಿಮಿಷಕ್ಕೆ ಓಡಿಸಿದ.

“ನೋವಿದ್ಯಾ ಅಪ್ಪ?” ತಂದೆ ತಲೆಯನ್ನು ಮೇಲಿಂದ ಕೆಳಗೆ ಆಡಿಸಿದರು. “ಕಾಲಿನ ಆಪರೇಷನ್ ಮಾಡಿಸೋಣ್ವಾ?” ಎಡದಿಂದ ಬಲಕ್ಕೆ. “ಇಲ್ಲೇ ಮನೇಲೇ ಇರ್ತೀರಾ?” ಮೇಲಿಂದ ಕೆಳಗೆ, ಎರಡು ಸಲ, ಸ್ಪಷ್ಟವಾಗಿ.

ತುಟಿ ಮೊದಲು ಮಾಡಿದ್ದು ಹೊಸ ಯಂತ್ರವನ್ನು ಬೈದದ್ದು. ಹಾಳು ಪೆಟ್ಟಿಗೆ, ಬಾಲ ಕೆಡಿಸಿದೆ ಎಂದ. ಹನ್ನೊಂದು ಕ್ಯಾಸೆಟ್ಟನ್ನೂ ಯಾವುದರಿಂದ ಇಳಿಸಿದ್ದನೋ ಆ ಹಳೆಯ ಪ್ರತಿ ಅವನ ಕಪಾಟಿನಲ್ಲಿತ್ತು. ತಂದು ಪಕ್ಕದ ಪರದೆಗೆ ಹಾಕಿದ. ಎರಡರಲ್ಲಿ ಯಾವುದು ಸರಿ ಎಂದು ಹೇಳಲು ಮಾತಾಡುವ ತುಟಿ ಬೇಕು, ಅಲ್ಲಿ ಅದು ಇಲ್ಲ. ಟೇಪನ್ನು ಹಿಂದೆ ಮುಂದೆ ಓಡಿಸುತ್ತ ಹುಡುಕಿದ. ಐವತ್ತಮೂರನೆಯ ನಿಮಿಷದಲ್ಲಿ ಸಿಕ್ಕಿತು. ಚೌಕಟ್ಟಿನ ಅಂಚಿನಿಂದ ಅಕ್ಕನ ಕೈಯೊಂದು ಬಂದು ಮಂಚದ ಪಕ್ಕದ ಮೇಜಿನ ಮೇಲೆ ಸ್ಟೀಲ್ ಲೋಟ ಇಡುತ್ತದೆ. ಹೊಸ ಪ್ರತಿಯಲ್ಲಿ ಲೋಟ ಮೇಜಿಗೆ ತಾಗಿದ ಕ್ಷಣಕ್ಕೇ ಟಣ್ ಎಂದಿತು. ಹಳೆಯದರಲ್ಲಿ ಲೋಟ ಸದ್ದಿಲ್ಲದೆ ಕೂತಿತು. ಕೈ ಹಿಂದಕ್ಕೆ ಹೋಯಿತು. ಒಂದು, ಎರಡು, ಮೂರು ಎಣಿಸಿದ ಮೇಲೆ ಯಾರೂ ಮುಟ್ಟದ ಲೋಟ ಟಣ್ ಎಂದಿತು.

ಆ ಸದ್ದನ್ನು ನಾವೆಲ್ಲರೂ ಹತ್ತೊಂಬತ್ತು ವರ್ಷ ಅಡುಗೆಮನೆಯದ್ದು ಎಂದುಕೊಂಡಿದ್ದೆವು.

ಪಕ್ಕದ ಮೇಜಿನವಳು ಎದ್ದು ಬಂದು ಅವನ ಹಿಂದೆ ನಿಂತಿದ್ದಳು. ಅವಳಿಗೆ ಕಥೆ ಗೊತ್ತಿರಲಿಲ್ಲ, ಕಾಯಿಲೆ ಗೊತ್ತಿತ್ತು. “ಸಾವಿರಕ್ಕೊಂದು ಸಾರ್. ನನ್ನನ್ನ ಎಲ್ಲರ ಮುಂದೆ ನಿಲ್ಲಿಸಿ ಬೈದ್ರಲ್ಲ, ಅದೇ” ಎಂದು ಬ್ಯಾಗು ತೆಗೆದುಕೊಂಡು ಊಟಕ್ಕೆ ಹೋದಳು.

ಹೊಸ ಪ್ರತಿಯಲ್ಲಿ ಶಬ್ದವನ್ನು ಮೂರು ಸೆಕೆಂಡು ಹಿಂದಕ್ಕೆ ತಳ್ಳಿ ಅಣ್ಣನಿಗೆ ಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆ ಎರಡು ನಿಮಿಷ ಸಾಕು. ಎರಡು ದಿನ ಅದೇ ಯೋಚನೆಯಲ್ಲಿದ್ದೆ ಎಂದು ಅವನೇ ನನಗೆ ಹೇಳಿದ. ಮೂರನೆಯ ದಿನ ಹೊಸ ಪ್ರತಿಯನ್ನು ಇದ್ದ ಹಾಗೆಯೇ ತೆಗೆದುಕೊಂಡು ಅಣ್ಣನ ಮನೆಗೆ ಹೋದ.

“ಅಣ್ಣ, ಹಳೇ ಕ್ಯಾಸೆಟ್ ತಪ್ಪು. ಅಪ್ಪ ಬೇಡ ಅಂದಿದ್ರು.”

ಅಣ್ಣ ಪತ್ರಿಕೆ ಓದುತ್ತಿದ್ದ, ಕೆಳಗಿಡಲಿಲ್ಲ. “ಹತ್ತೊಂಬತ್ತು ವರ್ಷ ಆದ್ಮೇಲೆ ಅಪ್ಪ ಮನಸ್ಸು ಬದಲಾಯಿಸಿದ್ರಾ?”

“ಅಪ್ಪ ಬದಲಾಯಿಸ್ಲಿಲ್ಲ. ನಾನು ಬದಲಾಯಿಸಿದ್ದೆ, ಗೊತ್ತಿಲ್ದೆ. ಶಬ್ದ ಮೂರು ಸೆಕೆಂಡ್ ಹಿಂದೆ ಬಿದ್ದಿತ್ತು. ನಾವು ನೋಡಿದ ಹೂಂ, ಮನೇಲಿ ಇರ್ತೀರಾ ಅನ್ನೋದಕ್ಕೆ. ಆಪರೇಷನ್‌ಗೆ ಅಲ್ಲ.”

“ಅವಳು ಬಂದು ಅತ್ಳಾ?”

“ಅಕ್ಕನಿಗೆ ಇನ್ನೂ ಗೊತ್ತೇ ಇಲ್ಲ.”

ಈಗ ಪತ್ರಿಕೆ ಕೆಳಗಿಳಿಯಿತು. “ಟೇಪ್ ಸುಳ್ಳು ಹೇಳಲ್ಲ ಅಂದೋನು ಯಾರು? ನಾನಾ? ನೀನು. ಇವತ್ತು ಸುಳ್ಳು ಹೇಳತ್ತೆ ಅಂತೀಯ. ಮೂರು ಸೆಕೆಂಡ್ ಆ ಕಡೆ ತಳ್ಳಿದ್ರೆ ಬೇಕು, ಈ ಕಡೆ ತಳ್ಳಿದ್ರೆ ಬೇಡ. ಹಾಗಿದ್ಮೇಲೆ ಇದನ್ನ ಯಾಕೆ ನಂಬಬೇಕು ನಾನು?”

“ಲೋಟ ನೋಡಣ್ಣ, ಲೋಟ ಇಡೋ ಸದ್ದು...”

“ಲೋಟ ತಗೊಂಡು ಏನು ಮಾಡ್ಲಿ? ಹಳೇದು ಹೇಗಿತ್ತೋ ಹಾಗೇ ಮಾಡಿಕೊಡು.”

“ಅದು ನನ್ನ ಕೈಲಿ ಆಗಲ್ಲ.”

“ಆಗ ಆಯ್ತಲ್ಲ?” ಎಂದ ಅಣ್ಣ. ಪತ್ರಿಕೆ ಮತ್ತೆ ಮೇಲೆ ಹೋಯಿತು.

ಅಲ್ಲಿಂದ ತುಟಿ ನೇರವಾಗಿ ಅಕ್ಕನ ಕೋಣೆಗೆ ಹೋದ. ವಿಳಾಸ ಗೊತ್ತಿರಲಿಲ್ಲ, ಔಷಧಿ ಅಂಗಡಿಯಲ್ಲಿ ಕೇಳಿಕೊಂಡ. ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದಾಗ ಅವಳು ಅರ್ಧ ಬಾಗಿಲು ತೆರೆದು, ಹತ್ತೊಂಬತ್ತು ವರ್ಷದ ಮೇಲೆ ಕಂಡ ತಮ್ಮನಿಗೆ ಕೇಳಿದ ಮೊದಲ ಮಾತು: “ಯಾರು ಸತ್ರು?”

“ಯಾರೂ ಇಲ್ಲ ಅಕ್ಕ.”

“ಮತ್ತೆ ನಿನಗೆ ದಾರಿ ಹೇಗೆ ಗೊತ್ತಾಯ್ತು?”

ಅವನು ಹೊಸ್ತಿಲಿನ ಹೊರಗೇ ನಿಂತು ಎಲ್ಲವನ್ನೂ ಹೇಳಿದ, ಸಾವಿರಕ್ಕೊಂದರ ಲೆಕ್ಕವನ್ನೂ ಬಿಡಲಿಲ್ಲ. ಅವಳು ಕೇಳಿಸಿಕೊಂಡಳು. ಅವನು ಲ್ಯಾಪ್‌ಟಾಪ್ ಬಿಚ್ಚಲು ಹೊರಟಾಗ ಕೈ ಅಡ್ಡ ಹಿಡಿದಳು.

“ಮುಚ್ಚು ಅದನ್ನ.”

“ಒಂದೇ ಸಲ ನೋಡಕ್ಕ. ಅಪ್ಪ ಬೇಡ ಅಂತಾರೆ, ಸ್ಪಷ್ಟವಾಗಿ.”

“ನನಗೆ ತೋರಿಸ್ತೀಯೇನೋ? ಆ ಮಂಚದ ಪಕ್ಕ ಕೂತಿದ್ದೋಳು ನಾನು. ಆ ಲೋಟ ಇಟ್ಟೋಳು ನಾನು.” ಅವಳ ದನಿ ಏರಲಿಲ್ಲ. “ಅವತ್ತು ಟೇಪ್ ಹೇಳ್ತು ಅಂತ ನಂಬಿದೆ. ಇವತ್ತೂ ಟೇಪ್ ಹೇಳ್ತು ಅಂತ ನಂಬಿದೀಯ. ನಾನು ಹೇಳಿದ್ದನ್ನ ಯಾವತ್ತು ನಂಬಿದ್ದೆ ನೀನು?”

“ತಪ್ಪಾಯ್ತಕ್ಕ.”

“ಅದು ನನಗೆ ಅವತ್ತೇ ಗೊತ್ತಿತ್ತು. ಎಷ್ಟು ಕ್ಯಾಸೆಟ್ ಮಾಡಿದ್ದೆ?”

“ಹನ್ನೊಂದು.”

“ಹನ್ನೊಂದು ಮನೆಗೂ ಹೋಗು. ಫೋನಲ್ಲಿ ಹೇಳೋದು, ಕಂಪ್ಯೂಟರಲ್ಲಿ ಕಳಿಸೋದು ಬೇಡ. ಅವರ ಹಾಲಿನಲ್ಲಿ ನಿಂತ್ಕೊಂಡು ತೋರ್ಸು. ಯಾರ ತಪ್ಪು ಅಂತ ಬಾಯಿಬಿಟ್ಟು ಹೇಳು. ಅವರೂ ಸ್ವಲ್ಪ ನಿನ್ನ ಮುಖ ನೋಡ್ಲಿ. ಮುಗಿದ್ಮೇಲೆ ಬಂದು ಹೇಳು.” ಬಾಗಿಲು ಹಾಕಿಕೊಂಡಳು.

ನಿವೃತ್ತನಾದ ಮರುದಿನದಿಂದ ತುಟಿಯ ಕೆಲಸ ಇದೇ ಆಯಿತು. ಹೆಗಲಿಗೆ ಚೀಲ, ಚೀಲದಲ್ಲಿ ಲ್ಯಾಪ್‌ಟಾಪ್, ಬೇರೆ ಬೇರೆ ಟಿ.ವಿ.ಗಳಿಗೆ ಬೇಕಾಗುವ ನಾಲ್ಕು ಬಗೆಯ ವೈರು. ಹೋದಲ್ಲೆಲ್ಲ ಪರದೆಯನ್ನು ಎರಡು ಭಾಗ ಮಾಡಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಓಡಿಸುತ್ತಿದ್ದ. ಮೊದಲು ಲೋಟ, ಆಮೇಲೆ ತಂದೆ. ಒಂದು ಮನೆಯವರು ಆ ಕ್ಯಾಸೆಟ್ಟಿನ ಮೇಲೆ ಯಾವುದೋ ಕ್ರಿಕೆಟ್ ಪಂದ್ಯ ತುಂಬಿಸಿ ಎಷ್ಟೋ ವರ್ಷವಾಗಿತ್ತು. “ಅಯ್ಯೋ, ಅದನ್ನೆಲ್ಲ ಯಾರಪ್ಪಾ ನೆನಪಿಟ್ಕೊಂಡಿದ್ದಾರೆ” ಎಂದರು. ಆದರೆ ಅಕ್ಕನನ್ನು ಮಗಳ ಮದುವೆಗೆ ಕರೆಯಬಾರದು ಎಂಬುದನ್ನು ಅವರು ಮರೆತಿರಲಿಲ್ಲ. ಇನ್ನೊಂದು ಮನೆಯಲ್ಲಿ ಭಾವನ ತಂಗಿಯ ಮಗ ನಗಾಡಿದ: “ನಮ್ಮ ಮಾವ ಒಂದ್ಸಲ ಸತ್ತಿದ್ದು ಸಾಲ್ದಾ? ನಿನ್ನ ಕೈಲಿ ಇನ್ನೆಷ್ಟು ಸಲ ಸಾಯ್ಬೇಕಪ್ಪಾ ಅವರು?” ಮತ್ತೊಂದು ಮನೆಯಲ್ಲಿ, “ನಿನ್ನ ಕೇಂದ್ರದಿಂದ ನಾವು ನೋಡಿದ್ದು ಇನ್ನೂ ಏನೇನು ಸುಳ್ಳು?” ಎಂದು ಕೇಳಿದರು. ಅವನು ಎಲ್ಲ ಕಡೆಯೂ ಒಂದೇ ಮಾತು ಹೇಳಿದ: “ತಪ್ಪು ಟೇಪಿನದಲ್ಲ, ನನ್ನದು.”

ನಾಲ್ಕನೆಯ ಮನೆ ನನ್ನದು.

ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿದವಳು. ಅವನು ಲೋಟ ತೋರಿಸಿದ, ಸಾವಿರಕ್ಕೊಂದು ಎಂದ. ನಾನು ಮನಸ್ಸಿನಲ್ಲೇ ಗುಣಿಸಿದೆ.

“ಚಿತ್ರ ಬೇಗ ಮುಗೀತು ಅಂದ್ರೆ ಕೊನೆಯಲ್ಲಿ ಶಬ್ದ ಮಿಕ್ಕಿರ್ಬೇಕಲ್ಲ? ಮೂರೂವರೆ ಸೆಕೆಂಡು?”

ತುಟಿ ವೈರು ಸುತ್ತುತ್ತಿ‌ದ್ದ. ಕೈ ನಿಂತಿತು. ಬೇರೆ ಯಾವ ಮನೆಯಲ್ಲೂ ಯಾರೂ ಇದನ್ನು ಕೇಳಿರಲಿಲ್ಲ.

“ಮಿಕ್ಕಿತ್ತು ಚಿಕ್ಕಮ್ಮ. ಕಪ್ಪು ಪರದೆ ಮೇಲೆ ಬರೀ ಶಬ್ದ. ನೋಡೋಕೆ ಚೆನ್ನಾಗಿರ್ಲಿಲ್ಲ. ಕತ್ತರಿಸಿ ಹಾಕ್ದೆ.”

“ಯಾಕೆ ಮಿಕ್ತು ಅಂತ ಕೇಳ್ಕೊಳ್ಳಲಿಲ್ವಾ?”

“ಊಟದ ಹೊತ್ತಾಗಿತ್ತು.”

“ಊಟ ಮಾಡಿದ್ಯಾ?”

“ಮಾಡ್ದೆ.”

“ಎರಡು ವರ್ಷದ ಮೇಲೆ ಆ ಧಾರಾವಾಹಿ ಜಾರಿದಾಗಲಾದ್ರೂ ಮನೆ ಟೇಪು ನೆನಪಾಗ್ಬೇಕಿತ್ತಲ್ಲ?”

ಅವನು ಮತ್ತೆ ವೈರು ಸುತ್ತತೊಡಗಿದ. “ಅದು ಪ್ರಸಾರಕ್ಕೆ ಹೋಗಿದ್ದಲ್ಲವಲ್ಲ ಚಿಕ್ಕಮ್ಮ” ಎಂದ.

ಅವನಿಗೆ ನಾನು ಕಾಫಿ ಕೊಡಲಿಲ್ಲ. ಕೊಡದಿರುವ ಯೋಗ್ಯತೆ ನನಗೆ ಇತ್ತೇ ಎಂಬುದು ಬೇರೆ ಪ್ರಶ್ನೆ. ಆ ಕ್ಯಾಸೆಟ್ಟನ್ನು ನಾನೂ ಎರಡು ಸಲ ನೋಡಿದ್ದೆ. ಯಾರೂ ಪ್ರಶ್ನೆ ಕೇಳುವ ಮೊದಲೇ ಭಾವ ಒಮ್ಮೆ ತಲೆಯಾಡಿಸುತ್ತಾರೆ, ಅದನ್ನೂ ಗಮನಿಸಿದ್ದೆ. ಕಾಯಿಲೆಯವರು, ಏನೋ ಎಂದು ಬಿಟ್ಟಿದ್ದೆ. ಅದು “ನೋವಿದ್ಯಾ” ಎಂಬುದಕ್ಕೆ ಅವರು ಕೊಟ್ಟ ಹೂಂ. ಮೂರು ಪ್ರಶ್ನೆ, ಮೂರು ಉತ್ತರ, ಒಂದೊಂದು ಸ್ಥಾನ ಆಚೆ ಸರಿದು ಕೂತಿದ್ದವು. ಇದನ್ನು ನನ್ನ ವಿದ್ಯಾರ್ಥಿನಿ ಪರೀಕ್ಷೆಯಲ್ಲಿ ಕಾಣದೆ ಹೋಗಿದ್ದರೆ ನಾನು ಸೊನ್ನೆ ಹಾಕುತ್ತಿದ್ದೆ. ಆ ಸಂಜೆ ನನ್ನ ಅಕ್ಕನ ಮಗಳಿಗೆ ಪತ್ರ ಬರೆದೆ, ಹತ್ತೊಂಬತ್ತು ವರ್ಷದಲ್ಲಿ ಮೊದಲನೆಯದು. ಅವಳು ಉತ್ತರಿಸಿಲ್ಲ. ಉತ್ತರಿಸಬೇಕಾಗಿಯೂ ಇಲ್ಲ.

ಹನ್ನೊಂದನೆಯ ಮನೆ ಹಿರಿಯವನದು. ತುಟಿ ಅದನ್ನು ಕೊನೆಗೆ ಉಳಿಸಿಕೊಂಡಿದ್ದ. ಬಾಗಿಲು ತೆರೆದವಳು ಅತ್ತಿಗೆ. ಒಳಗೆ ಬಂದ ತಮ್ಮನನ್ನೂ ಅವನ ಚೀಲವನ್ನೂ ನೋಡಿ ಹಿರಿಯವನು ಎದ್ದು ಮಲಗುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ತುಟಿ ವೈರು ಸಿಕ್ಕಿಸಿದ. ಒಳಗಿರುವವನಿಗೂ ಕೇಳಲೆಂದು ದನಿ ಜೋರು ಮಾಡಿದ.

ಜೋರು ಮಾಡಿದ ಮೇಲೆ ಅವನಿಗೆ ಹೊಳೆಯಿತು. ಒಳಗಿದ್ದವನಿಗೆ ಪ್ರಶ್ನೆಗಳು ಮಾತ್ರ ಕೇಳುತ್ತಿದ್ದವು. ಉತ್ತರ ಕೇಳುವಂಥದ್ದಲ್ಲ. ಅದನ್ನು ಹೊರಗೆ ಬಂದು ನೋಡಬೇಕು.

“ಕಾಲಿನ ಆಪರೇಷನ್ ಮಾಡಿಸೋಣ್ವಾ?” ಎಂದಿತು ಟಿ.ವಿ. ಚಿಲಕ ಅಲುಗಲಿಲ್ಲ.

ಅತ್ತಿಗೆ ಹತ್ತೊಂಬತ್ತು ವರ್ಷದ ಹಿಂದೆ ಬಿಸ್ಕತ್ತು ಹಂಚಿದ್ದ ಜಾಗದಲ್ಲೇ ನಿಂತು ನೋಡಿದಳು. ಲೋಟವನ್ನು ಇನ್ನೊಮ್ಮೆ ಹಾಕಿಸಿದಳು. ಆಮೇಲೆ ಕೋಣೆಯ ಬಾಗಿಲ ಹತ್ತಿರ ಹೋಗಿ, “ರೀ, ತಲೆ ಅಲ್ಲಾಡಿಸಿದ್ರು. ಮಾವ ಬೇಡ ಅಂದ್ರು” ಎಂದಳು.

ಒಳಗಿನಿಂದ, “ಅವನನ್ನ ಹೊರಗೆ ಕಳ್ಸು” ಎಂದು ಬಂತು.

ತುಟಿ ಅಲ್ಲಿಂದ ಔಷಧಿ ಅಂಗಡಿಗೆ ಹೋದ. ಕೌಂಟರಿನ ಮುಂದೆ ನಾಲ್ಕು ಜನ ಚೀಟಿ ಹಿಡಿದು ನಿಂತಿದ್ದರು. ಅವನೂ ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ಅಕ್ಕ ಚೀಟಿಗೆಂದು ಕೈ ಚಾಚಿ, ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಹನ್ನೊಂದೂ ಆಯ್ತಕ್ಕ.”

“ಅಣ್ಣ ನೋಡಿದ್ನಾ?”

“ಅತ್ತಿಗೆ ನೋಡಿದ್ರು. ಅಣ್ಣ ಒಳಗೆ ಚಿಲಕ ಹಾಕ್ಕೊಂಡಿದ್ದ.”

“ಹಾಗಾದ್ರೆ ಹತ್ತು ಆಗಿದೆ” ಎಂದಳು ಅವಳು. ಅವನ ಹೆಗಲ ಮೇಲಿಂದ ಹಿಂದೆ ನಿಂತವರನ್ನು ನೋಡಿ, “ಮುಂದಿನವರು ಬನ್ನಿ” ಎಂದಳು.

ಇದಾಗಿ ಏಳು ತಿಂಗಳಾಯಿತು. ತುಟಿ ಪ್ರತಿ ಭಾನುವಾರ ಬೆಳಗ್ಗೆ ಅಣ್ಣನ ಮನೆಗೆ ಹೋಗುತ್ತಾನೆ. ಅವನು ಬಂದ ಸದ್ದು ಕೇಳಿದರೆ ಅಣ್ಣ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾನೆ. ತುಟಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಐವತ್ತನೆಯ ನಿಮಿಷದಿಂದ ಕೊನೆವರೆಗೆ ಓಡಿಸಿ, ವೈರು ಸುತ್ತಿಕೊಂಡು ವಾಪಸು ಬರುತ್ತಾನೆ. ಹೋದ ತಿಂಗಳು ಅಣ್ಣ ಟಿ.ವಿ.ಯನ್ನೇ ಗೋಡೆಯಿಂದ ಬಿಚ್ಚಿಸಿ ಮಾಳಿಗೆಗೆ ಹಾಕಿಸಿದ. ಮರುವಾರ ತುಟಿ ತನ್ನ ಮನೆಯ ಟಿ.ವಿ.ಯನ್ನು ಆಟೋದಲ್ಲಿ ಹೇರಿಕೊಂಡು ಹೋದನಂತೆ.